ಕಾಯಿ ಕೋಣೆಯಲ್ಲಿ ತೊಟ್ಟಿಕ್ಕಿದ ನೀರು

ಒಲೆಗೆ ತೆಂಗಿನ ಮಟ್ಟೆ ತರಲೆಂದು ಕಾಯಿ ಕೋಣೆಗೆ ಹೋದ ಗಿರಿಜಾಂಬಿಕೆ ಬಾಗಿಲಲ್ಲೇ ನಿಂತಳು. ಒಳಗಿನ ಕತ್ತಲಲ್ಲಿ ಎಲ್ಲೋ ಟಪ್ ಎಂದಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಪ್.

ಮದುವೆಯಾಗಿ ವರ್ಷ ತುಂಬದ ಹೆಣ್ಣಿಗೆ ಗಂಡನ ಮನೆಯ ಪ್ರತಿ ಸದ್ದೂ ತನ್ನದೇ ಏನೋ ತಪ್ಪಿನಿಂದ ಬಂದಂತೆ ಕೇಳಿಸುತ್ತದೆ. ಬೆಕ್ಕು ತಪ್ಪಲೆ ಉರುಳಿಸಿದರೂ ತಾನೇ ಉರುಳಿಸಿದೆನೇನೋ ಅನ್ನಿಸುತ್ತದೆ. ಇವಳು ಗೋಡೆ ತಡವಿಕೊಂಡು ಹೋಗಿ ಬಿದಿರಿನ ಅಟ್ಟದ ಕೆಳಗೆ ಬಗ್ಗಿ ನೋಡಿದಳು. ಅಡುಗೆಮನೆಯ ಗೋಡೆಯಿಂದ ಹೊರಟು, ಈ ಕಿರಿದಾದ ಕೋಣೆಯನ್ನು ದಾಟಿ, ಆಚೆಯ ಕೊಟ್ಟಿಗೆಯ ಗೋಡೆಯೊಳಗೆ ಹೋಗುವ ಬೂದು ಬಣ್ಣದ ಪೈಪು. ಅದರ ನಡುವಿನ ಜಾಯಿಂಟಿನ ಕೆಳಗೆ ಒಂದು ಹನಿ ದಪ್ಪವಾಗುತ್ತ ನೇತಾಡುತ್ತಿತ್ತು. ಅವಳು ನೋಡುತ್ತಿದ್ದಂತೆಯೇ ಬಿತ್ತು. ಕೆಳಗಿನ ಮಣ್ಣು ಆಗಲೇ ನೆನೆದು ಕಪ್ಪಾಗಿತ್ತು.

ಗಿರಿಜೆ ಸೆರಗಿನಿಂದಲೇ ಜಾಯಿಂಟನ್ನು ಒರೆಸಿ, ಯಾರಾದರೂ ನೋಡಿದರೇನೋ ಎಂದು ಬಾಗಿಲ ಕಡೆ ತಿರುಗಿದಳು.

ಆ ಪೈಪು ಅವಳ ಗಂಡ ಬೆಟ್ಟಸ್ವಾಮಿ ಅವಳಿಗೆ ಕೊಟ್ಟ ಮೊದಲನೆಯ ಉಡುಗೊರೆ. ಬೇರೆ ಗಂಡಂದಿರು ತಿಪಟೂರಿಗೆ ಹೋದರೆ ಮಲ್ಲಿಗೆ ಹೂವು, ಮೈಸೂರು ಪಾಕು ತರುತ್ತಾರೆ. ಇವನು ಸಿಂಕು ತಂದವನು.

ದಬ್ಬೇಘಟ್ಟದ ಆಸುಪಾಸಿನ ಊರುಗಳಿಗೆ ಕರೆಂಟು ಬಂದಿತ್ತು, ತೋಟಕ್ಕೆ ಪಂಪ್‌ಸೆಟ್ಟು ಬಂದಿತ್ತು, ಆದರೆ ಅಡುಗೆಮನೆಗೆ ಸಿಂಕು ಬಂದಿರಲಿಲ್ಲ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಸಾರು ಎಲ್ಲ ಒಂದು ಬಕೆಟ್ಟಿಗೆ ಸೇರಿ ಕಲಗಚ್ಚಾಗಿ, ಸೊಸೆಯಂದಿರ ಸೊಂಟದ ಮೇಲೆ ಹಿತ್ತಲು ಸುತ್ತಿ ದನದ ಬಾನಿಗೆ ಹೋಗುತ್ತಿತ್ತು. ಹೊಸದರಲ್ಲಿ ಒಮ್ಮೆ ಬಕೆಟ್ಟು ಇಳಿಸಿ ಬಂದ ಗಿರಿಜೆ, ಎದುರಿಗಿದ್ದ ಗಂಡನಿಗೆ ಏನಾದರೂ ಮಾತಾಡಬೇಕಲ್ಲ ಎಂದು, ಸೊಂಟ ಹಿಡಕೊಂಡು ನಕ್ಕು, ಇದೊಂದು ಇಲ್ಲದಿದ್ದರೆ ನಿಮ್ಮೂರು ಸ್ವರ್ಗ ಕಣ್ರೀ ಅಂದಿದ್ದಳು. ಅವನು ಮಾತಿಗಿಂತ ಕೈಕೆಲಸದಲ್ಲೇ ಹೆಚ್ಚು ಹೇಳುವವನು.

ಆಷಾಢ ಬಂತು. ಹೊಸ ಸೊಸೆ ಆ ತಿಂಗಳು ಅತ್ತೆಯ ಮನೆಯಲ್ಲಿ ಇರುವಂತಿಲ್ಲವಲ್ಲ, ಗಿರಿಜೆ ಚಿಕ್ಕನಾಯಕನಹಳ್ಳಿಯ ಕಡೆಯ ತನ್ನ ತವರಿಗೆ ಹೋದಳು. ಶ್ರಾವಣದಲ್ಲಿ, ಅಮ್ಮ ತೊಡಿಸಿದ ಎರಡು ಕೈ ತುಂಬ ಹಸಿರು ಗಾಜಿನ ಬಳೆಯೊಂದಿಗೆ ತಿರುಗಿ ಬಂದಾಗ ಅಡುಗೆಮನೆಯ ಮೂಲೆಯಲ್ಲಿ ಹಿತ್ತಾಳೆ ಜಾಲರಿಯ ಮೊಸಾಯಿಕ್ ಸಿಂಕು ಕೂತಿತ್ತು, ಅದರ ಪೈಪು ನೇರ ದನದ ಬಾನಿಗೆ ಹೋಗಿತ್ತು. ಒಂದು ಕೊಡ ನೀರು ಸುರಿ ಅಂದ ಬೆಟ್ಟಸ್ವಾಮಿ ಕೊಟ್ಟಿಗೆಗೆ ಓಡಿದ. ಗೋಡೆಯ ಆಚೆಯಿಂದ, "ಬಂತು, ಬಂತು" ಎಂದು ಕೂಗಿದ. ಮೀಸೆ ಬಂದ ಗಂಡಸು ಎಳೆಹುಡುಗನಂತೆ ಕೂಗಿದ್ದನ್ನು ಕೇಳಿ ಅತ್ತೆ ಗುರುಶಾಂತಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದರು. ಗಿರಿಜೆ ಆವತ್ತು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಬಂದಿದ್ದರೆ ಅವಳ ಮುಖ ಎಲ್ಲರಿಗೂ ಎಲ್ಲವನ್ನೂ ಹೇಳಿಬಿಡುತ್ತಿತ್ತು.

ನಗದೆ ಇದ್ದವರು ಮಾವ ಸದಾಶಿವಯ್ಯ ಒಬ್ಬರೇ. ಅವರ ಮಾತಿನಲ್ಲೂ ನ್ಯಾಯ ಇತ್ತು. ಆ ಅಟ್ಟದ ಮೇಲೆ ಕಾಯಿಗಳು ಹೆಚ್ಚು ಕಡಿಮೆ ವರ್ಷವಿಡೀ ಅಲ್ಲಾಡದೆ ಕೂತು, ಒಳಗಿನ ನೀರು ತಾನಾಗಿ ಇಂಗಿ, ಉಂಡೆ ಕೊಬ್ಬರಿ ಆಗಬೇಕು. ಕೆಳಗಿನಿಂದ ತೇವ ಏರಿದರೆ ಬೂಷ್ಟು ಹಿಡಿದು ವರ್ಷದ ಬದುಕೇ ಹೋಯಿತು. ಕಾಯಿ ಕೋಣೆಯೊಳಗೆ ನೀರು ಹಾಯಿಸುವ ಮಂಕು ಈ ಸೀಮೆಯಲ್ಲಿ ಇನ್ನೊಬ್ಬನಿಲ್ಲ ಅಂದಿದ್ದರಂತೆ. ಅದಕ್ಕೆ ಬೆಟ್ಟಸ್ವಾಮಿ, "ಒಂದು ತೊಟ್ಟು ಬಿದ್ರೂ ನನ್ನ ಕೈಯಾರೆ ಕಿತ್ತಾಕ್ತೀನಿ" ಎಂದು ಅಪ್ಪನಿಗೆ ಮಾತು ಕೊಟ್ಟಿದ್ದನಂತೆ. ಇದನ್ನು ಗಿರಿಜೆಗೆ ಹೇಳಿದ್ದು ಅತ್ತೆ.

ಈಗ ಆ ಒಂದು ತೊಟ್ಟು ಬಿದ್ದಿತ್ತು.

ಗಂಡನಿಗೆ ಹೇಳಿದರೆ ಅವನು ಮಾತಿಗೆ ತಪ್ಪುವವನಲ್ಲ, ಕಿತ್ತೇ ಹಾಕುತ್ತಾನೆ. ಮಾವನ ಎದುರು ತಲೆ ತಗ್ಗಿಸಿ ನಿಲ್ಲುತ್ತಾನೆ. ಅವಳಿಗೆ ಆ ತಗ್ಗಿದ ತಲೆ ನೆನೆಸಿಕೊಂಡರೇ ಅಳು ಬರುತ್ತಿತ್ತು. ಹೇಳದಿದ್ದರೆ ಕಾಯಿ ಕೆಡುತ್ತವೆ. ಆ ದಿನ ಅವಳು ಒಂದು ತೆಂಗಿನ ಚಿಪ್ಪನ್ನು ಜಾಯಿಂಟಿನ ಕೆಳಗೆ ಇಟ್ಟಳು, ನೆಲಕ್ಕೆ ಒಲೆಯ ಬೂದಿ ಹರಡಿದಳು, ಪೈಪಿನ ನೇರಕ್ಕಿದ್ದ ಕಾಯಿಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕೆ ಸರಿಸಿದಳು.

ಅವಳನ್ನು ಹೆಚ್ಚು ಹೆದರಿಸಿದ ಸಂಗತಿ ಇನ್ನೊಂದಿತ್ತು. ಅತ್ತೆ ಸಿಂಕಿಗೆ ನೀರು ಸುರಿದ ದಿನ ಓಡಿಹೋಗಿ ಚಿಪ್ಪು ನೋಡಿದರೆ ಒಣಗಿರುತ್ತಿತ್ತು. ತಾನು ಸುರಿದರೆ ಮಾತ್ರ ಒದ್ದೆ. ಒಮ್ಮೆ ಆಕಸ್ಮಿಕ ಅಂದುಕೊಂಡಳು. ಮತ್ತೆ ನೋಡಿದಳು, ಮತ್ತೆಯೂ ಹಾಗೇ. ಅದೇ ಸಿಂಕು, ಅದೇ ಚೊಂಬು, ಅದೇ ಬಾವಿಯ ನೀರು. ಬೇರೆಯಾದದ್ದು ಕೈ ಮಾತ್ರ.

ತನ್ನ ಕೈಗುಣವೇ ಸರಿಯಿಲ್ಲ ಎಂದು ಗಿರಿಜೆ ತೀರ್ಮಾನಿಸಿಬಿಟ್ಟಳು. ಓದಿದ ಹೆಣ್ಣು, ಹೈಸ್ಕೂಲು ಮುಗಿಸಿದವಳು, ಹಾಗೆ ಅಂದುಕೊಳ್ಳಬಾರದಿತ್ತು. ಆದರೆ ಹೆದರಿದವರು ಓದಿದ್ದನ್ನೆಲ್ಲ ನೆನಪಿಟ್ಟುಕೊಂಡಿರುತ್ತಾರೆಯೇ? ಬಂದ ವರ್ಷವೇ ಸೊಸೆಯ ಕೈಯಿಂದ ಕಾಯಿ ಕೆಟ್ಟವು ಅಂತ ಒಂದು ಮಾತು ಹೊರಬಿದ್ದರೆ ಅದು ಅವಳು ಅಜ್ಜಿಯಾದರೂ ಬೆನ್ನು ಬಿಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವನು ಏನಂದುಕೊಂಡಾನು? ಇಂಥವಳಿಗಾಗಿ ಅಪ್ಪನ ಮಾತು ಮೀರಿದೆನಲ್ಲ ಅಂದುಕೊಂಡರೆ?

ಅವಳು ಸಿಂಕು ಬಳಸುವುದನ್ನೇ ಬಿಟ್ಟಳು. ಅತ್ತೆ ಲಿಂಗಪೂಜೆಗೆ ಕೂತ ಹೊತ್ತಿನಲ್ಲಿ, ಬೆಟ್ಟಸ್ವಾಮಿ ತೋಟದ ಹಾದಿ ಹಿಡಿದ ಮೇಲೆ, ಹಳೆಯ ಬಕೆಟ್ಟಿಗೆ ಕಲಗಚ್ಚು ತುಂಬಿ, ಸದ್ದಾಗಬಾರದೆಂದು ಬಳೆಗಳನ್ನು ಮೊಣಕೈವರೆಗೆ ಬಿಗಿಯಾಗಿ ಏರಿಸಿ, ಕಳ್ಳಿಯ ಹಾಗೆ ಹಿತ್ತಲಿನಿಂದ ಕೊಟ್ಟಿಗೆಗೆ ಹೊರುತ್ತಿದ್ದಳು. ಅಲ್ಲಿ ಅವಳ ಕೌಲಿ ಇತ್ತು. ಮದುವೆಯಲ್ಲಿ ಬಳುವಳಿಯಾಗಿ ಬಂದ ಹಸು. ಕರುವಾಗಿದ್ದಾಗಿನಿಂದ ಅವಳೇ ಸಾಕಿದ್ದು. ಅದರ ಕೊರಳಿಗೆ ಕೆನ್ನೆ ಒತ್ತಿ, ನಿನಗೊಬ್ಬಳಿಗೆ ಹೇಳಬಹುದು ನೋಡು ಎಂದು ಎಲ್ಲ ಹೇಳಿಕೊಳ್ಳುತ್ತಿದ್ದಳು. ಕೌಲಿ ಬಕೆಟ್ಟಿನ ಕಡೆಗೇ ಗಮನ ಕೊಟ್ಟು ಕೇಳಿಸಿಕೊಳ್ಳುತ್ತಿತ್ತು.

ಬೆಟ್ಟಸ್ವಾಮಿ ಈಚೆಗೆ ಮಂಕಾಗಿದ್ದ. ಮೊದಲೆಲ್ಲ ಊಟಕ್ಕೆ ಬಡಿಸುವಾಗ ತಟ್ಟೆಯಿಂದ ಕಣ್ಣೆತ್ತಿ, ಅಮ್ಮ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಅವಳನ್ನು ನೋಡಿ ಹುಬ್ಬು ಹಾರಿಸುತ್ತಿದ್ದ. ಅವಳು ಬೇಕೆಂದೇ ತುಪ್ಪ ಹೆಚ್ಚಾಗಿ ಸುರಿದು ಸೇಡು ತೀರಿಸಿಕೊಳ್ಳುತ್ತಿದ್ದಳು. ಈಗ ಅವನು ತಟ್ಟೆಯನ್ನೇ ನೋಡಿಕೊಂಡು ಉಣ್ಣುತ್ತಿದ್ದ. ತುಪ್ಪ ಎಷ್ಟು ಬಿದ್ದರೂ ಮಾತಿಲ್ಲ. ಅವನಿಗೆ ಗೊತ್ತಾಗಿದೆ, ಚಿಪ್ಪು ನೋಡಿದ್ದಾನೆ, ಹೇಳಲಾರದೆ ಒದ್ದಾಡುತ್ತಿದ್ದಾನೆ ಎಂದು ಗಿರಿಜೆ ಒಳಗೊಳಗೇ ಬೇಯುತ್ತಿದ್ದಳು.

ಒಂದು ಮಧ್ಯಾಹ್ನ ಸದಾಶಿವಯ್ಯ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ, ನಾಳೆ ಅಟ್ಟದಿಂದ ಕಾಯಿ ಇಳಿಸುವುದೆಂದು ಹೇಳಿದರು. ಸುಲಿಯಲು ಆಳುಗಳಿಗೆ ಹೇಳಿ ಆಗಿದೆ ಅಂದರು. ಸಂಜೆ ಅವರೂ ಗುರುಶಾಂತಮ್ಮನೂ ದೇವಸ್ಥಾನಕ್ಕೆ ಹೊರಟರು. ಅವರ ಬೆನ್ನು ಮರೆಯಾಗುವುದನ್ನೇ ಕಾದಿದ್ದ ಗಿರಿಜೆ, ಕೊನೆಗೊಮ್ಮೆ ನೆಲ ನೋಡಿ ಬೂದಿ ಬದಲಿಸೋಣ ಎಂದು ಮೊರ ಹಿಡಿದು ಅಡುಗೆಮನೆಯಿಂದ ಹೊರಬರುವಾಗ, ಬೆಟ್ಟಸ್ವಾಮಿ ಎದುರಿಗೆ ಬಂದ. ಅವನ ಒಂದು ಕೈಯಲ್ಲಿ ಹಾರೆ ಇತ್ತು. ಇನ್ನೊಂದರಲ್ಲಿ ಉಳಿ, ಸುತ್ತಿಗೆ.

ಅವನು ಅವಳ ಮುಖ ನೋಡದೆ ಸಿಂಕಿನ ಹತ್ತಿರ ಹೋಗಿ ಹಾರೆ ಒರಗಿಸಿದ.

ಏನು ಮಾಡುತ್ತೀರಿ ಎಂದು ಕೇಳಿದ್ದು ಅವಳಿಗೇ ಕೇಳಿಸಲಿಲ್ಲ.

"ಕೀಳ್ತೀನಿ" ಅಂದ. ಉಳಿಯ ಮೊನೆಯನ್ನು ಹೆಬ್ಬೆರಳಿನಿಂದ ಸವರುತ್ತ ಹೇಳಿದ: "ನಿಂಗೆ ಇಷ್ಟ ಇಲ್ಲ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು ಗಿರಿಜಾ. ಕದ್ದು ಕದ್ದು ಬಕೀಟು ಹೊರ್‍ಬೇಕಾಗಿತ್ತಾ?"

ಅವನು ಮುಂದುವರಿಸಿದ. ಮೋಟಾರಿಗೆ ಫ್ಯೂಸು ಮರೆತು ಒಂದು ದಿನ ತೋಟದಿಂದ ಹಿಂದಕ್ಕೆ ಬಂದಾಗ ಕಂಡಿದ್ದನಂತೆ. ಮಾರನೆಯ ದಿನ ಬೇಕೆಂದೇ ಬಂದು ನೋಡಿದನಂತೆ. ಬಳೆಗಳನ್ನು ಏರಿಸಿಕೊಂಡು, ಅಕ್ಕಪಕ್ಕ ನೋಡಿಕೊಂಡು, ತನಗೆ ಕಾಣದ ಹಾಗೆ ಹೊರುತ್ತಿದ್ದಳು. ಪಾಪ, ನೋಯಿಸಬಾರದು ಅಂತ ಸುಮ್ಮನಿದ್ದಾಳೆ, ನನ್ನದೇ ಹುಚ್ಚನ್ನು ಅವಳ ಮೇಲೆ ಹೇರಿದೆ ಅಂದುಕೊಂಡನಂತೆ.

"ನಿಂಗೆ ಬೇಡದ್ದು ಈ ಮನೇಲಿ ಯಾಕಿರ್‍ಬೇಕು, ಬುಡು" ಎಂದು ಉಳಿಯನ್ನು ಸಿಂಕಿನ ಅಂಚಿಗೆ ಇಟ್ಟ.

ಗಿರಿಜೆ ಹೋಗಿ ಸಿಂಕಿಗೆ ಬೆನ್ನು ಕೊಟ್ಟು ನಿಂತಳು. ಗಂಡನ ಕೈಯನ್ನು ಹಗಲು ಬೆಳಕಿನಲ್ಲಿ ಅವಳು ಮುಟ್ಟಿದ್ದು ಅದೇ ಮೊದಲು. ಉಳಿಯ ಸಮೇತ ಹಿಡಿದುಕೊಂಡಳು.

"ಇಷ್ಟ ಇಲ್ಲ ಅಂತ ಯಾರು ಹೇಳಿದ್ರು? ಸೋರ್ತೈತೆ ಕಣ್ರೀ. ನೀವು ಮಾವನಿಗೆ ಮಾತು ಕೊಟ್ಟಿದ್ರಿ."

ಬೆಟ್ಟಸ್ವಾಮಿ ಅವಳನ್ನೇ ನೋಡಿದ. ಅವನ ಮುಖ ಬಾಡುತ್ತದೆ ಎಂದು ಅವಳು ಕಾದಳು. ಅದು ಬಾಡಲಿಲ್ಲ. ಹುಬ್ಬು ಮೇಲೇರಿತು, ಕಣ್ಣು ಅರಳಿತು, ಎಷ್ಟೋ ದಿನದಿಂದ ಕಾಣೆಯಾಗಿದ್ದ ನಗು ಮೀಸೆಯ ತುದಿಯಲ್ಲಿ ಬಂದು ನಿಂತಿತು.

"ಸೋರ್ತೈತಾ?" ಅಂದ. "ಅಷ್ಟೇನಾ?"

ಸಿಂಕು ಸೋರುತ್ತದೆ ಎಂಬ ಸುದ್ದಿಗೆ ಇಷ್ಟು ಖುಷಿಪಟ್ಟ ಗಂಡಸು ಲೋಕದಲ್ಲಿ ಇನ್ನೊಬ್ಬ ಇದ್ದಾನೋ ಇಲ್ಲವೋ. ಆದರೆ ಗಿರಿಜೆಗೆ ನಗುವ ಹೊತ್ತು ಬಂದಿರಲಿಲ್ಲ. ಹೇಳಬೇಕಾದದ್ದು ಇನ್ನೂ ಉಳಿದಿತ್ತು.

"ಅತ್ತೆ ಸುರಿದ್ರೆ ಸೋರಲ್ಲ. ನಾನು ಸುರಿದ್ರೆ ಮಾತ್ರ" ಅಂದಳು. "ನನ್ನ ಕೈಗುಣ."

ಅವನು ನಗಲಿಲ್ಲ. ಹುಚ್ಚಿ ಅನ್ನಲಿಲ್ಲ. ಅದಕ್ಕಾಗಿ ಅವಳು ಅವನನ್ನು ಬಹಳ ಕಾಲ ನೆನೆಯುತ್ತಿದ್ದಳು. ಗೂಟದಲ್ಲಿದ್ದ ಟಾರ್ಚು ತೆಗೆದುಕೊಂಡು, ಬಾ ನೋಡೋಣ ಅಂದ.

ಕಾಯಿ ಕೋಣೆಯಲ್ಲಿ ಅವನು ಅಟ್ಟದ ಕೆಳಗೆ ಮಂಡಿಯೂರಿ, ಚಿಪ್ಪು, ಬೂದಿ, ಪಕ್ಕಕ್ಕೆ ಸರಿದ ಕಾಯಿಗಳನ್ನೆಲ್ಲ ಟಾರ್ಚಿನ ಬೆಳಕಲ್ಲಿ ನೋಡಿದ. ಇಷ್ಟೆಲ್ಲ ಒಬ್ಬಳೇ ಮಾಡಿದೆಯಾ ಎಂದು ಮೆಲ್ಲಗೆ ಕೇಳಿದ. ಜಾಯಿಂಟನ್ನು ನೋಡಿ ತಲೆ ಕೆರೆದುಕೊಂಡ. ಅವನ ತಪ್ಪೂ ಅಲ್ಲಿತ್ತು. ಅವಳು ಬರುವ ದಿನ ಹತ್ತಿರ ಬಂದು, ಪೈಪು ಅಂಟಿಸುವ ಸೊಲ್ಯೂಷನ್ ಡಬ್ಬಿ ಖಾಲಿಯಾಗಿ, ತಿಪಟೂರಿಗೆ ಹೋಗಿ ಬರಲು ಪುರುಸೊತ್ತಿಲ್ಲದೆ, ಇದೊಂದು ಜಾಯಿಂಟಿಗೆ ತೆಂಗಿನ ನಾರು ಸುತ್ತಿ ಟಾರು ಮೆತ್ತಿದ್ದನಂತೆ. ನೀನು ಬಂದಾಗ ನೀರು ಹರಿಯಬೇಕಿತ್ತಲ್ಲ ಅಂದ. ಆದರೂ ಅದು ಗಟ್ಟಿಯಾಗೇ ಇರಬೇಕಿತ್ತು, ತಾನಾಗಿ ಬಿಡುವುದಿಲ್ಲ ಅಂದ.

ಅಡುಗೆಮನೆಗೆ ಹೋಗಿ ತಾನೇ ಒಂದು ಕೊಡ ಸುರಿದು ಬಂದ. ಜಾಯಿಂಟು ಒಣಗಿತ್ತು. ಈಗ ನೀನು ಹೋಗು ಅಂದ.

ಗಿರಿಜೆ ಚೊಂಬು ಎತ್ತಿದಳು. ಸುರಿದು, ಉತ್ತರಕ್ಕೆ ಕಾದಳು. ಗೋಡೆಯ ಆಚೆಯಿಂದ ಟಪ್ ಎಂದಿತು. ಅವಳು ಅಲ್ಲೇ ಸಿಂಕಿನ ಅಂಚು ಹಿಡಿದು ನಿಂತುಬಿಟ್ಟಳು. ಹಾಗಾದರೆ ನಿಜ. ಈಗ ಅವನೂ ನೋಡಿದ.

"ಗಿರಿಜಾ, ಇನ್ನೊಂದ್ಸಲ" ಎಂದು ಅವನು ಕೂಗಿದ. ಅವಳು ಕಣ್ಣೊರೆಸಿಕೊಂಡು ಇನ್ನೊಂದು ಚೊಂಬು ಎತ್ತಿದಳು.

"ತಡಿ, ಸುರೀಬೇಡ." ಅವನ ದನಿ ಬದಲಾಗಿತ್ತು. "ನೀರು ಬರೋಕೆ ಮುಂಚೇನೇ ಪೈಪು ಅಲ್ಲಾಡ್ತು. ಚೊಂಬು ಕೆಳಗಿಡು. ಬರೀ ಕೈ ಆಡಿಸು."

ಏನೆಂದು ಅರ್ಥವಾಗದೆ ಅವಳು ಬರಿಗೈಯನ್ನು ಸಿಂಕಿನ ಮೇಲೆ ಆಡಿಸಿದಳು. ಹಸಿರು ಬಳೆಗಳು ಒಂದಕ್ಕೊಂದು ತಾಗಿ ಘಲ್ಲೆಂದವು. ಆಚೆ ಕಾಯಿ ಕೋಣೆಯಲ್ಲಿ ಪೈಪು ಕಿರ್ರೆಂದು ತಿರುಗಿತು. ಬೆಟ್ಟಸ್ವಾಮಿ ಕೋಣೆಯಿಂದ ಹೊರಬಿದ್ದು ಕೊಟ್ಟಿಗೆಗೆ ಓಡಿದ. ಮರುಗಳಿಗೆಯಲ್ಲಿ ಅವನು ಬಿದ್ದು ಬಿದ್ದು ನಗುವುದು ಕೇಳಿಸಿತು.

ಅವಳು ಹೋಗಿ ನೋಡಿದಾಗ ಕೌಲಿ ಬಾನಿಯ ಮೇಲೆ ಚಾಚಿದ್ದ ಪೈಪಿನ ಬಾಯನ್ನು ತನ್ನ ಬಾಯಲ್ಲಿ ಕಚ್ಚಿಕೊಂಡು, ಕೊರಳು ತಿರುಗಿಸಿ ತಿರುಗಿಸಿ ಎಳೆಯುತ್ತಿತ್ತು. ಅತ್ತೆಯ ಕೈಯಲ್ಲಿದ್ದದ್ದು ಚರ್ಮಕ್ಕೆ ಕಚ್ಚಿಕೊಂಡ ನಾಲ್ಕು ಹಳೆಯ ಬಳೆ, ಅವು ಸದ್ದು ಮಾಡುತ್ತಿರಲಿಲ್ಲ. ಗಿರಿಜೆಯ ಕೈ ಆಡಿದರೆ ಮಾತ್ರ, ತನ್ನನ್ನು ಸಾಕಿದವಳು ಗೋಡೆಯ ಆಚೆ ಇದ್ದಾಳೆ, ಈಗ ಕಲಗಚ್ಚು ಕೊಡುತ್ತಾಳೆ ಎಂದು ಕೌಲಿಗೆ ತಿಳಿಯುತ್ತಿತ್ತು. ಬರುವವರೆಗೆ ಕಾಯುವ ತಾಳ್ಮೆ ಅದಕ್ಕಿರಲಿಲ್ಲ. ಅದು ಎಳೆದಾಗ ಜಾಯಿಂಟು ಬಾಯಿ ಬಿಡುತ್ತಿತ್ತು, ಬಿಟ್ಟಾಗ ಮತ್ತೆ ಕೂರುತ್ತಿತ್ತು.

ಗಿರಿಜೆ ಬಾನಿಯ ಅಂಚಿನ ಮೇಲೆ ಕೂತು ಅತ್ತಳು. ಅದು ಸಮಾಧಾನದ ಅಳು. ಬೆಟ್ಟಸ್ವಾಮಿ ಅದು ತಿಳಿಯದೆ ಅವಳ ತಲೆ ಸವರುವುದಕ್ಕೆ ಹೋಗಿ, ಟಾರು ಮೆತ್ತಿದ ಕೈ ನೋಡಿ, ಹಿಂದಕ್ಕೆ ತೆಗೆದುಕೊಂಡ.

"ಏನ್ ನಡೀತೈತೆ ಇಲ್ಲಿ?"

ಸದಾಶಿವಯ್ಯ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಹಣೆಯಲ್ಲಿ ವಿಭೂತಿ, ಹಿಂದೆ ಗುರುಶಾಂತಮ್ಮ. ಗಿರಿಜೆ ದಡಕ್ಕನೆ ಎದ್ದು ಸೆರಗು ಸರಿಮಾಡಿಕೊಂಡಳು. ಬೆಟ್ಟಸ್ವಾಮಿ ಮುಚ್ಚಿಡಲಿಲ್ಲ. ಪೈಪು ಸೋರಿತು, ಕಾಯಿ ಕೋಣೆಯ ನೆಲ ನೆನೆದಿದೆ, ಕೊಟ್ಟ ಮಾತಿನಂತೆ ಕೀಳುತ್ತೇನೆ ಅಂದ. ಅವನ ತಲೆ ತಗ್ಗಿತು. ಅವಳು ಯಾವುದನ್ನು ನೋಡಬಾರದು ಎಂದು ಇಷ್ಟು ದಿನ ಬಕೆಟ್ಟು ಹೊತ್ತಿದ್ದಳೋ ಅದನ್ನೇ ಈಗ ಎದುರಿಗೆ ನಿಂತು ನೋಡುತ್ತಿದ್ದಳು.

ಸದಾಶಿವಯ್ಯ ನೇರವಾಗಿ ಕಾಯಿ ಕೋಣೆಗೆ ಹೋದರು. ಉಳಿದವರು ಬಾಗಿಲಲ್ಲಿ ನಿಂತರು. ಅವರು ಜಾಯಿಂಟಿನ ಹತ್ತಿರದ ಒಂದು ಕಾಯಿ ಎತ್ತಿ ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದರು. ಇನ್ನೊಂದು ಎತ್ತಿದರು. ಮತ್ತೊಂದು. ಕೊನೆಗೆ ಚಿಪ್ಪನ್ನೂ ಬೂದಿಯನ್ನೂ ನೋಡಿ, ಇದು ಯಾರ ಕೆಲಸ ಎಂದು ಕೇಳಿದರು. ತನ್ನದು ಎಂದು ಗಿರಿಜೆ ಒಪ್ಪಿಕೊಂಡಳು.

"ಒಳಗೆ ಕೊಬ್ಬರಿ ಆಡ್ತೈತೆ" ಅಂದರು ಸದಾಶಿವಯ್ಯ. "ಒಂದೂ ಕೆಟ್ಟಿಲ್ಲ." ಕಾಯಿಯನ್ನು ಅಟ್ಟದ ಮೇಲಿಟ್ಟು, "ಆದ್ರೂ ಮಾತು ಅಂದ್ರೆ ಮಾತು" ಎಂದು ಮಗನ ಕಡೆ ತಿರುಗಿದರು.

ಗುರುಶಾಂತಮ್ಮ ಕೈಯಲ್ಲಿದ್ದ ಹಣ್ಣುಕಾಯಿಯ ತಟ್ಟೆಯನ್ನು ಸೊಸೆಗೆ ಕೊಟ್ಟು, ಮೂಲೆಯಲ್ಲಿದ್ದ ಹಳೆಯ ಬಕೆಟ್ಟನ್ನು ಎತ್ತಿ ತಂದು ಗಂಡನ ಕಾಲ ಬುಡದಲ್ಲಿ ಇಟ್ಟರು.

"ಕೀಳಿಸಿ. ನಾಳೆಯಿಂದ ಕಲಗಚ್ಚು ನೀವು ಹೊರಿ. ನಾನು ಹೊತ್ತಿದ್ದು ಸಾಕಾಗೈತೆ" ಅಂದರು.

ಸದಾಶಿವಯ್ಯ ಬಕೆಟ್ಟನ್ನು ನೋಡಿದರು, ಹೆಂಡತಿಯನ್ನು ನೋಡಿದರು, ಆಮೇಲೆ ಕೆಮ್ಮಿದರು. ಹಸುವಿನ ಬಾಯಿಗೆ ಸಿಗದ ಹಾಗೆ ಮಾಡಲಿಕ್ಕೆ ಆಗುತ್ತದೆಯೋ ಇಲ್ಲವೋ ನೋಡು ಎಂದು ಮಗನಿಗೆ ಹೇಳಿ ಜಗಲಿಗೆ ನಡೆದರು.

ಮಾರನೆಯ ದಿನ ಬೆಟ್ಟಸ್ವಾಮಿ ಮೊದಲ ಬಸ್ಸಿಗೇ ತಿಪಟೂರಿಗೆ ಹೋಗಿ ಬಂದ. ನಾರು, ಟಾರು ಕಿತ್ತು, ಉಪ್ಪುಕಾಗದದಿಂದ ಉಜ್ಜಿ, ಹೊಸ ಸೊಲ್ಯೂಷನ್ ಹಚ್ಚಿ ಜಾಯಿಂಟು ಕೂರಿಸಿದ. ಕಬ್ಬಿಣದ ಪಟ್ಟಿಯಿಂದ ಪೈಪನ್ನು ಗೋಡೆಗೆ ಬಿಗಿದ. ಕೊಟ್ಟಿಗೆಯ ಕಡೆ ಪೈಪಿನ ಬಾಯನ್ನು ಗೋಡೆಯ ಮಟ್ಟಕ್ಕೆ ಕತ್ತರಿಸಿ, ಅದರ ಮುಂದೆ ಒಂದು ಚಪ್ಪಡಿ ಕಲ್ಲು ನಿಲ್ಲಿಸಿದ. ನೀರು ಕಲ್ಲಿನ ಹಿಂದಿನಿಂದ ಇಳಿದು ಬಾನಿಗೆ ಬೀಳಬೇಕು, ಕೌಲಿಯ ಬಾಯಿಗೆ ಕಲ್ಲು ಮಾತ್ರ ಸಿಗಬೇಕು. ಸಂಜೆಗೆ ಕಾಯಿಗಳೆಲ್ಲ ಅಟ್ಟದಿಂದ ಇಳಿದಿದ್ದವು.

ಮರುದಿನ ಬೆಳಿಗ್ಗೆ ಗಿರಿಜೆ ಸಿಂಕಿನ ಮುಂದೆ ನಿಂತು ಬಳೆಗಳ ಮೇಲೆ ಹಳೆಯ ಬಟ್ಟೆಯೊಂದನ್ನು ಸುತ್ತುತ್ತಿದ್ದಳು. ಕಲ್ಲಿದ್ದರೇನು, ಕೌಲಿ ಸುಮ್ಮನೆ ಯಾಕೆ ಕೊರಳು ನೋಯಿಸಿಕೊಳ್ಳಬೇಕು ಎಂದು. ತೋಟಕ್ಕೆ ಹೊರಟಿದ್ದ ಬೆಟ್ಟಸ್ವಾಮಿ ಟವೆಲ್ಲು ತೆಗೆದುಕೊಳ್ಳಲು ಬಂದವನು ಅದನ್ನು ನೋಡಿದ.

"ಬಟ್ಟೆ ತೆಗಿ" ಅಂದ.

ಅವಳು ಯಾಕೆಂಬಂತೆ ನೋಡಿದಳು. ಅವನು ಹೊಸಿಲನ್ನು ನೋಡುತ್ತ, ಮಾತು ಹುಡುಕಿ ಹುಡುಕಿ ಹೇಳಿದ:

"ದಿನಾ ಬೆಳಿಗ್ಗೆ ಅದನ್ನ ಕೇಳಿಸ್ಕೊಂಡೇ ನಾನು ತೋಟಕ್ಕೆ ಹೋಗೋದು. ನೀನು ಬಳೆ ಏರಿಸ್ಕೊಂಡಿದ್ದೆಯಲ್ಲ, ಅಷ್ಟೂ ದಿನ ಮನೇಲಿ ಯಾರೂ ಇಲ್ಲ ಅನ್ನಿಸ್ತಿತ್ತು."

ಅಷ್ಟು ಹೇಳಿ, ಅಷ್ಟು ಹೇಳಿದ್ದಕ್ಕೇ ಕಿವಿ ಕೆಂಪಾಗಿ, ಟವೆಲ್ಲನ್ನೂ ಮರೆತು ಹೊರಟುಹೋದ.

ಗಿರಿಜೆ ಬಟ್ಟೆ ಬಿಚ್ಚಿದಳು. ಅಕ್ಕಿ ತೊಳೆದ ನೀರನ್ನು ಸಿಂಕಿಗೆ ಸುರಿದಳು. ಬಳೆಗಳು ಘಲ್ಲೆಂದವು. ಗೋಡೆಯ ಆಚೆ ಕೌಲಿ ಅಂಬಾ ಎಂದು ಕಲ್ಲಿಗೆ ಮೂತಿ ತಿಕ್ಕಿತು. ಅವಳು ಕಿವಿಗೊಟ್ಟು ಕಾದಳು. ಕಾಯಿ ಕೋಣೆಯಲ್ಲಿ ಯಾವ ಸದ್ದೂ ಇರಲಿಲ್ಲ.

ಹಿಂದೆ ಹೆಜ್ಜೆಯ ಸಪ್ಪಳವಾಯಿತು. ಈ ಹೊತ್ತಿಗೆ ತೋಟದ ಹಾದಿಯಲ್ಲಿರಬೇಕಾದ ಬೆಟ್ಟಸ್ವಾಮಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಟವೆಲ್ಲು ಬೇಕಿತ್ತಾ ಎಂದು ಅವಳು ಕೇಳಿದಳು.

"ಇಲ್ಲ" ಅಂದ. "ಸದ್ದು ಕೇಳಿಸ್ತು. ಬಂದೆ."

ತೊಳೆಯುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಆದರೂ ಗಿರಿಜೆ ಅವನ ಕಡೆ ತಿರುಗದೆ, ಇನ್ನೊಂದು ಚೊಂಬು ನೀರು ತುಂಬಿ, ನಿಧಾನವಾಗಿ ಸುರಿದಳು.